ಗೇಟಿಗೆ ಜಡಿದ ಬೀಗ

ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಬಾರದೆಂದು ಧರಣಿ ಕೂರಲು ಅನುಮತಿ ಪಡೆಯುವಷ್ಟರಲ್ಲಿ ನರ್ಸಮ್ಮನಿಗೆ ಸಾಕುಸಾಕಾಗಿತ್ತು. ಹನ್ನೊಂದು ಸಲ ಠಾಣೆಗೆ ಅಲೆದಿದ್ದಳು. ಐವತ್ತು ಜನ ದಾಟಬಾರದು, ಮೈಕು ಕೂಡದು, ಫಲಕಕ್ಕೆ ಕೋಲು ಕಟ್ಟಿದರೆ ಅದೂ ಆಯುಧವೇ ಅಂತ ಇನ್‌ಸ್ಪೆಕ್ಟರು ಪಾಠ ಒಪ್ಪಿಸಿದ್ದರು. ಇಪ್ಪತ್ತಾರು ವರ್ಷ ಕೂಸುಗಳನ್ನು ಎತ್ತಿಕೊಂಡ ಕೈಯಲ್ಲಿ ಅವಳು ಒಂದೊಂದೇ ಕೋಲಿನ ಮೊಳೆ ಕಿತ್ತಳು.

ಮೂರು ದಿನ ಎಲ್ಲ ಸುಸೂತ್ರ. ದಾರಿ ಬಿಟ್ಟು, ಗೇಟಿನ ಪಕ್ಕ ಚಾಪೆ ಹಾಸಿ ಕೂತರು. ಯಾರೂ ತಿರುಗಿ ನೋಡಲಿಲ್ಲ. ಅದೇ ಅವಳ ಅಕ್ಕನ ಗಂಡನಿಗೆ, ಲಾರಿ ಮೆಕ್ಯಾನಿಕ್ಕಿಗೆ, ಸಹಿಸಲಾಗಲಿಲ್ಲ. ಹೀಗೆ ಕೈಕಟ್ಟಿ ಕೂತರೆ ಯಾವ ಕಲ್ಲೂ ಕರಗುವುದಿಲ್ಲ ಅಂತ ಗೊಣಗುತ್ತಲೇ ಇದ್ದ. ನಾಲ್ಕನೇ ದಿನ ಅವಳು ನೀರು ತರಲು ಹೋದದ್ದೇ ತಡ, ಗ್ಯಾರೇಜಿನ ಸರಪಳಿ ತಂದು ಗೇಟಿಗೆ ಸುತ್ತಿ ಬೀಗ ಜಡಿದೇ ಬಿಟ್ಟ. ಜನ ಚಪ್ಪಾಳೆ ತಟ್ಟಿದರು.

ಅವಳು ವಾಪಸು ಬರುವ ಹೊತ್ತಿಗೆ ಗೇಟಿನ ಮುಂದೆ ಬಾಡಿಗೆ ಕಾರೊಂದು ನಿಂತಿತ್ತು. ಒಳಗೆ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸು.

"ಭಾವ, ಬೀಗದ ಕೈ ಕೊಡಿ."

"ಚರಂಡಿಗೆ ಎಸೆದೆ. ಈಗ ಬರಲಿ ದೊಡ್ಡವರು, ಮಾತಾಡಲಿ."

ಬೈಯುವುದಕ್ಕೂ ಅವಳಿಗೆ ಬೇಸರ. ರಸ್ತೆ ಬದಿಯ ಕಲ್ಲೆತ್ತಿ ಬೀಗಕ್ಕೆ ಬಡಿದಳು. ಆರನೇ ಏಟಿಗೆ ಅದು ಬಾಯಿಬಿಟ್ಟಿತು. ಕಾರು ಒಳಗೆ ಹೋಯಿತು, ಹಿಂದೆಯೇ ಪೊಲೀಸ್ ಜೀಪು ಬಂತು. ಕೈಯಲ್ಲಿ ಕಲ್ಲಿದ್ದವಳು ಅವಳೊಬ್ಬಳೇ, ಅವಳನ್ನೇ ಹತ್ತಿಸಿಕೊಂಡರು. ಭಾವ ಗುಂಪಿನಲ್ಲಿ ಕರಗಿಹೋಗಿದ್ದ.

ಠಾಣೆಯಲ್ಲಿ ದಾರಿ ತಡೆದದ್ದು, ಗೇಟು ಮುರಿದದ್ದು, ದೊಂಬಿ ಅಂತ ಬರೆಯತೊಡಗಿದರು. ಗೇಟಿಗೆ ಒಂದು ಗೀರೂ ಬಿದ್ದಿಲ್ಲ, ಬೀಗ ಆಸ್ಪತ್ರೆಯದೇ ಅಲ್ಲ ಅಂತ ಹೇಳಿದ್ದನ್ನೇ ಹೇಳಿ ಅವಳ ಗಂಟಲು ಒಣಗಿತು. ಹಾಗಾದರೆ ಬೀಗ ಯಾರದು ಅಂತ ಇನ್‌ಸ್ಪೆಕ್ಟರು ಕೇಳಿದರು. ಅವಳಿಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು.

"ನಮ್ಮ ಭಾವನದು," ಅಂದಳು ಕೊನೆಗೆ. "ಕೂತದ್ದು ನಾವೆಲ್ಲ, ಅದು ನಮ್ಮ ಹಕ್ಕು. ಬೀಗ ಹಾಕಿದ್ದು ಅವರೊಬ್ಬರೇ, ಅದು ತಪ್ಪು. ಎರಡನ್ನೂ ಕಲಸಬೇಡಿ ಸಾರ್, ಬೇರೆಬೇರೆ ಬರೀರಿ."

ಎರಡು ಗಂಟೆ ಹಿಡಿದು ಬರೆದರು. ಸಂಜೆಗೆ ಅವಳನ್ನು ಬಿಟ್ಟು ಭಾವನನ್ನು ಕರೆತಂದರು. ಧರಣಿಯ ಅನುಮತಿಯನ್ನಂತೂ ರದ್ದು ಮಾಡಿಯೇ ಬಿಟ್ಟಿದ್ದರು.

ಮನೆ ಬಾಗಿಲಲ್ಲಿ ಅಕ್ಕ ಕಾಯುತ್ತಿದ್ದಳು. "ನನ್ನ ಗಂಡನನ್ನೇ ಹಿಡಿದುಕೊಟ್ಟೆಯಲ್ಲೇ. ನೀನೂ ಒಬ್ಬಳು ತಂಗಿ."

ಆ ಹೆಂಗಸಿಗೆ ಹೆಣ್ಣು ಮಗುವಾಯಿತಂತೆ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಾರಿನಲ್ಲೇ ಆಗುತ್ತಿತ್ತು ಅಂತ ಇವಳು ಹೇಳುವಷ್ಟರಲ್ಲಿ ಅಕ್ಕ ಒಳಗೆ ಹೋಗಿಯಾಗಿತ್ತು. ನರ್ಸಮ್ಮ ಮೆಟ್ಟಿಲ ಮೇಲೇ ಕೂತು ಹೊಸ ಅರ್ಜಿ ಬರೆಯತೊಡಗಿದಳು. ಎರಡನೇ ಸಾಲಿಗೆ ಪೆನ್ನು ಕೈಕೊಟ್ಟಿತು.