ಒಳಗ ಬರಬ್ಯಾಡ

ಟ್ರ್ಯಾಕ್ಟರ್ ಓಣಿಯೊಳಗೆ ಬಂತು, ಅಲ್ಲ, ಇನ್ನೂ ತಿರುವಿನಲ್ಲೇ ಇದೆ, ಹಿಂದಿನ ಟ್ಯಾಂಕಿನ ಪೈಪು ಸುಯ್ಯೆನ್ನುತ್ತಿದೆ, ಇನ್ನೇನು ಆ ವಾಸನೆ ಬರುತ್ತದೆ, ಮೂಗು ಉರಿಸುವ ಬ್ಲೀಚಿಂಗ್ ಪೌಡರಿನ ವಾಸನೆ, ರೋಹಿಣಿ ಅಡಿಗೆಮನೆಯ ಕಿಟಕಿ ಮುಚ್ಚಲು ಎದ್ದಳು, ಮುಚ್ಚಲಿಲ್ಲ, ಇದೊಂದನ್ನೂ ಮುಚ್ಚಿದರೆ ಉಸಿರಾಡುವುದು ಎಲ್ಲಿಂದ, ಮುಂಬಾಗಿಲಿಗೆ ಪಂಚಾಯಿತಿಯವರು ಬಿದಿರಿನ ಗಳ ಅಡ್ಡ ಕಟ್ಟಿ ಕೆಂಪು ಚೀಟಿ ಅಂಟಿಸಿ ಹೋಗಿದ್ದಾರೆ, ಹಿತ್ತಲ ಬಾಗಿಲಿಗೆ ಆಚೆಯಿಂದ ಬಾಜೂಮನೆಯ ರೇಣುಕವ್ವ ಕಲ್ಲು ಒಟ್ಟಿದ್ದಾಳೆ, ಇನ್ನು ಪಡಸಾಲೆಗೆ ಹೋಗುವ ನಡುಬಾಗಿಲು, ಅದರ ಚಿಲಕ ಆ ಕಡೆ, ಹಾಕಿಕೊಂಡು ಕೂತವನು ಗಂಡ ಪ್ರಭು, ಮೂರು ಬಾಗಿಲು, ಮೂರನ್ನೂ ಬೇರೆ ಬೇರೆ ಜನ ಮುಚ್ಚಿದ್ದಾರೆ, ಒಂದನ್ನೂ ತಾನು ಮುಚ್ಚಿದ್ದಲ್ಲ, ಮಕ್ಕಳಿಬ್ಬರು ಅಣ್ಣಿಗೇರಿಗೆ ತನ್ನ ತವರಿಗೆ ಹೋದವರು ಲಾಕ್‌ಡೌನ್ ಆಗಿ ಅಲ್ಲೇ ಉಳಿದದ್ದು ಪುಣ್ಯ, ಅಮ್ಮಾ ಅಜ್ಜಿ ಎಲ್ಲದಾಳ ಅಂತ ಮಗಳು ಅಮೃತಾ ಫೋನಿನಲ್ಲಿ ಕೇಳಿದಳು, ಮಲಗ್ಯಾಳ ಅಂದಳು ರೋಹಿಣಿ, ಸುಳ್ಳು ಈಗ ಬಾಯಿಗೆ ರೂಢಿಯಾಗಿದೆ, ಒಲೆಯ ಮೇಲೆ ಅನ್ನ ಸೀಯುತ್ತಿದೆ, ಮೂವರಿಗಾಗುವಷ್ಟು ಅಕ್ಕಿ ಹಾಕಿದೆನಲ್ಲ, ಕೈ ತಾನೇ ಹಾಕಿಬಿಟ್ಟಿತು.

ಅತ್ತೆ ನೀಲಕ್ಕನಿಗೆ ಮೊದಲು ಬಂದದ್ದು ಬರೀ ಜ್ವರ, ಮೈ ಕೈ ನೋವು, ಬಿಸಿಲು ಬಡದೈತಿ ಬಿಡು ಅಂದಳು, ಆಮೇಲೆ ಒಣ ಕೆಮ್ಮು, ಆಮೇಲೆ ಹಿತ್ತಲಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು, ಆಗ ಅವಳಿಗೂ ಗೊತ್ತಾಯಿತು, ಮನೆಯವರಿಗೂ ಗೊತ್ತಾಯಿತು, ಯಾರೂ ಆ ಹೆಸರು ಎತ್ತಲಿಲ್ಲ, ಕೆಳಗಿನ ಓಣಿಯ ಕೆಂಚವ್ವನನ್ನು ಹುಬ್ಬಳ್ಳಿ ದವಾಖಾನೆಗೆ ಒಯ್ದು ತಿಂಗಳಾಗಿರಲಿಲ್ಲ, ನಡೆದು ವ್ಯಾನು ಹತ್ತಿದವಳು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಿಕೊಂಡು ಸೀದಾ ಸುಡುಗಾಡಿಗೆ ಬಂದಳು, ಮಗ ಮುಖ ನೋಡಲಿಲ್ಲ, ಒಳಗಿರೋದು ನಮ್ಮ ಕೆಂಚಿನೋ ಮತ್ತ್ಯಾರೋ ಅಂತ ನೀಲಕ್ಕ ಎಷ್ಟು ಸಲ ಅಂದಿದ್ದಳು, ಹಾಸಿಗೆಯ ಮೇಲೆ ಎದ್ದು ಕೂತು ಕೊರಳಲ್ಲಿನ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ರೋಹಿಣಿಯ ಮುಂಗೈ ಹಿಡಿದಳು, ಎಷ್ಟು ಬಿಸಿ ಆ ಕೈ, ನನ್ನ ಕೊಟ್ಟು ಕಳಸಬ್ಯಾಡವಾ, ಅಲ್ಲಿ ಲಿಂಗ ಬಿಚ್ಚಸ್ತಾರಂತ, ನನ್ನ ಹೆಸರ ತಗದು ನಂಬರ ಹಚ್ಚತಾರಂತ, ಜೀವ ನಂದೈತಿ, ಇದ ಮನ್ಯಾಗ ಹೋಗ್ಲಿ, ನನ್ನ ಪದ್ಧತಿ ಪ್ರಕಾರ ಕುಂದ್ರಿಸಿ ಮಣ್ಣ ಮಾಡ್ರಿ, ಆಣಿ ಮಾಡು, ಬಾಗಿಲಲ್ಲಿ ನಿಂತ ಪ್ರಭು ಕಣ್ಣು ಒರೆಸಿಕೊಂಡು ತಲೆಯಾಡಿಸಿದ, ರೋಹಿಣಿ ಆಣೆ ಮಾಡಿದಳು, ಮಾಡದೆ ಏನು ಮಾಡಬೇಕಿತ್ತು, ಮದುವೆಯಾಗಿ ಬಂದ ಹೊಸತರಲ್ಲಿ ಟೈಫಾಯ್ಡ್ ಆದಾಗ ತನ್ನ ತಲೆಗೆ ತಣ್ಣೀರು ಪಟ್ಟಿ ಹಾಕಿದ ಕೈ ಅದು, ತವರಿಗೆ ಕಳಿಸೂಣು ಅಂದ ಮಗನಿಗೆ, ಯಾಕಲೇ, ಇದು ಆಕಿ ಮನಿ ಅಲ್ಲೇನು ಅಂದ ಬಾಯಿ ಅದು.

ಆದರೆ ಗಂಗಾ. ಬಾಜೂಮನೆ ರೇಣುಕವ್ವನ ಸೊಸೆ, ದಿನ ತುಂಬಿದ ಬಸುರಿ, ಎರಡೂ ಮನೆಗೆ ಹಿತ್ತಲು ಒಂದೇ, ದಿನಾ ಚರಿಗೆ ಹಿಡಿದು ಮಜ್ಜಿಗೆಗೆ ಬರುವವಳು, ಎರಡ ಜೀವದಾಕಿ, ಬೆಣ್ಣಿ ಸುದ್ದಾ ಹಾಕಿ ಕೊಡು ಅಂತ ಹೇಳುತ್ತಿದ್ದವಳು ನೀಲಕ್ಕನೇ, ಜ್ವರ ಶುರುವಾದ ಮೇಲೆ ರೋಹಿಣಿ ಹಿತ್ತಲ ಬಾಗಿಲಲ್ಲೇ ತಡೆದು ಎಮ್ಮಿ ಬತ್ತೇತಿ ಗಂಗಾ ಅಂದಳು, ಅದೇ ಹೊತ್ತಿಗೆ ಆ ಹಾಳು ಎಮ್ಮೆ ಕೆಚ್ಚಲು ತುಂಬಿಕೊಂಡು ಒದರಬೇಕೇ, ಗಂಗಾ ಎಮ್ಮೆಯ ಕಡೆ ನೋಡಿದಳು, ಖಾಲಿ ಚರಿಗೆ ಸೊಂಟಕ್ಕಿಟ್ಟುಕೊಂಡು ಹೋದಳು, ಅಂದು ಹಾಲನ್ನೆಲ್ಲ ಬಚ್ಚಲಿಗೆ ಸುರಿಯುವಾಗ ರೋಹಿಣಿ ಅತ್ತಳು, ಹೇಳಿಬಿಡಬೇಕಿತ್ತು, ಪ್ರಭುವಿಗೆ ಹೇಳಿದ್ದಳು, ರ್ರೀ, ಬಾಜೂಕ ಬಸುರಿ ಅದಾಳ, ಆಕಿಗೆ ಹತ್ತಿದ್ರ ಏನ ಗತಿ, ಅವ, ನಿನಗ ಆಕಿ ಹೆಚ್ಚೋ ನಮ್ಮವ್ವ ಹೆಚ್ಚೋ ಅಂದ, ಇಂಥ ಪ್ರಶ್ನೆ ಕೇಳಿದವನ ಮುಖ ನೋಡುತ್ತ ನಿಂತಳು, ಅವನ ಮುಖವೂ ಹೆದರಿ ಸಣ್ಣದಾಗಿತ್ತು.

ಆಮೇಲೆ ಆಶಾ ಕಾರ್ಯಕರ್ತೆ ಹಲೀಮಾಬಿ ಬಂದಳು, ಮುಖಕ್ಕೆ ಎರಡು ಮಾಸ್ಕು, ಕೈಯಲ್ಲಿ ಬೆರಳಿಗೆ ಸಿಕ್ಕಿಸಿ ಉಸಿರು ಅಳೆಯುವ ಯಂತ್ರ, ಕಟ್ಟೆಯ ಕೆಳಗೇ ನಿಂತು, ಅಕ್ಕಾರ, ಎಲ್ಲಾರೂ ಆರಾಮ ಅದೀರಿ? ಆರಾಮ ಅದೇವಿ. ನೀಲಕ್ಕಜ್ಜಿ ಕಾಣವಲ್ಲರಲ್ಲ? ಶಲವಡಿಗೆ ಮಗಳ ಮನಿಗೆ ಹೋಗ್ಯಾರ. ಬಸ್ಸ ಇಲ್ಲಲ್ಲರಿ ಅಕ್ಕಾರ? ಟ್ರ್ಯಾಕ್ಟರದಾಗ ಹೋದ್ರು. ಹಲೀಮಾಬಿ ಮಾಸ್ಕಿನ ಮೇಲಿನ ಕಣ್ಣಿಂದ ನೋಡಿದಳು, ಒಳಗೆ ನೀಲಕ್ಕ ಕೌದಿ ಬಾಯಿಗೆ ತುರುಕಿಕೊಂಡು ಕೆಮ್ಮು ನುಂಗುತ್ತಿರುವುದು ರೋಹಿಣಿಗೆ ಬೆನ್ನಿಂದಲೇ ಕೇಳಿಸುತ್ತಿತ್ತು, ಆಯ್ತ್ರಿ, ಹುಷಾರ್ರಿ ಅಂತ ಹಲೀಮಾಬಿ ತಿರುಗಿದಳು, ಮುಗೀತು, ಉಳಿದೆವು, ಅಷ್ಟರಲ್ಲಿ ಹಿತ್ತಲ ಕಡೆಯಿಂದ, ಅಜ್ಜೀ, ರಾತ್ರಿ ಎಲ್ಲಾ ಕೆಮ್ಮೂದು ಕೇಳತಿತ್ತು, ಶುಂಠಿ ಮೆಣಸು ಹಾಕಿ ಕಷಾಯ ಕಾಸೇನಿ ನೋಡ್ರಿ, ಬಿಸಿ ಐತಿ, ಮಾಸ್ಕಿಲ್ಲದ ಬರೀ ಮುಖ, ಎರಡೂ ಕೈಯಲ್ಲಿ ಲೋಟ, ಹೊಟ್ಟೆ ಮುಂದೆ ಮಾಡಿಕೊಂಡು ಗಂಗಾ ಅಡಿಗೆಮನೆ ದಾಟಿದ್ದಾಳೆ, ನಡುಮನೆಯ ಹೊಸ್ತಿಲಿಗೆ ಕಾಲು ಎತ್ತಿದ್ದಾಳೆ, ಒಳಗ ಬರಬ್ಯಾಡ ಬೇ! ಆ ದನಿ ತನ್ನದೇ ಏನು, ಎಮ್ಮೆ ಬೆದರಿ ಹಗ್ಗ ಜಗ್ಗಿತು, ಲೋಟ ಬಿತ್ತು, ಓಣಿಯಲ್ಲಿದ್ದ ಹಲೀಮಾಬಿ ತಿರುಗಿ ಬಂದಳು, ಯಾಕ್ರಿ ಅಕ್ಕಾರ, ಏನಾತು, ಮತ್ತು ರೋಹಿಣಿ, ಅತ್ತಿಯವರಿಗೆ ಜ್ವರ ಬಂದಾವು, ಭಾಳ ದಿನ ಆತು, ಉಸಿರು ಹತ್ತವಲ್ದು. ಹೇಳಿದಳೋ, ಬಾಯಿಂದ ಬಿತ್ತೋ, ಅಂದಿನಿಂದ ಇದನ್ನೇ ತಿರುವಿ ತಿರುವಿ ನೋಡುತ್ತಿದ್ದಾಳೆ, ಕೂಗಿದ್ದು ತಾನಾಗಿಯೇ ಬಂತು, ಹೌದು, ಆದರೆ ಕೂಗಿದ ಮೇಲೆ ಮತ್ತೊಂದು ಸುಳ್ಳು ಹೇಳಬಹುದಿತ್ತು, ಹಾವು ಕಂಡಿತು ಅನ್ನಬಹುದಿತ್ತು, ಅನ್ನಲಿಲ್ಲ.

ನೀಲಕ್ಕನ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ನೋಡಿ ಹಲೀಮಾಬಿ ದವಾಖಾನೆಗೆ ಫೋನು ಹಚ್ಚಿದಳು, ನಾ ಒಲ್ಲೆ, ನಾ ಹೋಗಾಂಗಿಲ್ಲ, ಹೆಂಗ ಒಯ್ತೀರಿ ನೋಡತೇನಿ ಅಂತ ನೀಲಕ್ಕ ಗೋಡೆಗೆ ಮುಖ ಮಾಡಿದಳು, ಪ್ರಭು ಅಂಗಡಿಯಿಂದ ಓಡಿ ಬಂದು, ನಮ್ಮವ್ವನ್ನ ಮುಟ್ಟಿದ್ರ ನೋಡ್ರಿ ಅಂತ ಕೂಗಾಡಿದ, ಹಲೀಮಾಬಿ ಹಾಸಿಗೆಯ ಬಳಿ ಕೂತು, ಅಜ್ಜೀ, ನಿಮ್ಮ ಮನಸಿನ ವಿರುದ್ಧ ಒಯ್ಯಾಕ ನನಗೂ ಸಂಕಟ ಆಗತೈತಿ, ಗಂಗಾಗ ಒಂದೆರಡು ದಿನದಾಗ ಹೆರಿಗಿ ಐತಿ, ನಾ ಏನ ಮಾಡ್ಲಿ ನೀವ ಹೇಳ್ರಿ ಅಂದಳು, ನೀಲಕ್ಕ ತಿರುಗಿದಳು, ಗಂಗಾ ಒಳಗ ಬಂದಿದ್ಲೇನ? ಹೊಸ್ತಿಲ ತನಕ ಬಂದಿದ್ಲರಿ. ಆಮೇಲೆ ನೀಲಕ್ಕ ರೋಹಿಣಿಯ ಮುಖ ನೋಡಲಿಲ್ಲ, ಸೀರೆ ಸರಿಮಾಡಿಕೊಂಡಳು, ಕರಡಿಗೆಯನ್ನು ಕುಪ್ಪಸದೊಳಗೆ ಇಳಿಸಿದಳು, ವ್ಯಾನಿನಿಂದ ಇಳಿದ ಬಿಳಿ ಅಂಗಿಯ ಇಬ್ಬರು ಕೈ ಚಾಚಿದರೆ ಹಿಡಿಯಲಿಲ್ಲ, ಗೋಡೆ ಹಿಡಿದು ತಾನೇ ಬಂದಳು, ಮುಂಬಾಗಿಲಲ್ಲಿ ಉಸಿರು ಸಿಕ್ಕದೆ ಚೌಕಟ್ಟಿಗೆ ಅಂಗೈ ಊರಿ ನಿಂತಳು, ಹೊಸ್ತಿಲು ದಾಟಿದಳು, ಮತ್ತೆ ತಿರುಗಿದಳು, ಸೆರಗಿನ ತುದಿ ಹಿಡಿದು ಚೌಕಟ್ಟಿನಲ್ಲಿ ತನ್ನ ಕೈ ಊರಿದ್ದ ಜಾಗವನ್ನು ಒರೆಸಿದಳು, ಒಮ್ಮೆ ಮೇಲಿಂದ ಕೆಳಗೆ, ಮತ್ತೊಮ್ಮೆ, ಯಾರೂ ನೋಡಲಿಲ್ಲ, ರೋಹಿಣಿ ನೋಡಿದಳು.

ಟ್ರ್ಯಾಕ್ಟರ್ ಮನೆ ಮುಂದೆ ಬಂತು, ಗೋಡೆಗೆ ಸರ್ರನೆ ಔಷಧಿ ಬಿತ್ತು, ಗಂಗಾನ ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಹಲೀಮಾಬಿ ನಿನ್ನೆ ಓಣಿಯಿಂದಲೇ ಕೂಗಿ ಹೇಳಿದ್ದಳು, ಆದರೂ ರೇಣುಕವ್ವ ಹಿತ್ತಲಲ್ಲಿ ಕಲ್ಲಿನ ಮೇಲೆ ಕಲ್ಲು ಇಡುತ್ತ, ರೋಗ ಮುಚ್ಚಿಟ್ಟು ನನ್ನ ಸೊಸಿನ್ನ ಕೊಲ್ಲಾಕ ಕುಂತಿದ್ರಿ ಅಂದಳು, ಈ ಕಡೆ ಪ್ರಭು, ನಮ್ಮವ್ವನ್ನ ನೀನ ಕೊಟ್ಟಿ ಅಂದವನೇ ಚಿಲಕ ಹಾಕಿಕೊಂಡ, ಮುಚ್ಚಿಟ್ಟವಳೂ ತಾನೇ, ಕೊಟ್ಟವಳೂ ತಾನೇ, ಯಾರ ಮುಂದೆ ಹೋಗಿ ಯಾವುದನ್ನು ಹೇಳುವುದು, ಪಡಸಾಲೆಯಲ್ಲಿ ಫೋನು ಬಡಿಯುತ್ತಿದೆ, ಪ್ರಭು ಎತ್ತಿದ, ಹೂಂನ್ರಿ, ಹೂಂನ್ರಿ, ಮಗಾನ್ರಿ, ಆಮೇಲೆ ಬೆನ್ನು ಗೋಡೆಗೆ ಉಜ್ಜುತ್ತ ಕೆಳಗೆ ಜಾರಿದ ಸದ್ದು, ಕುಂದ್ರಿಸಿ ಮಣ್ಣ ಮಾಡತೀರೇನ್ರಿ, ಕೊರಳಾಗ ಲಿಂಗ ಐತೇನ್ರಿ, ಒಂದೀಟು ನೋಡಿ ಹೇಳ್ರಿ ಅಂತ ಫೋನಿಗೆ ಕೇಳುತ್ತಿದ್ದಾನೆ, ಕಡಿದು ಹೋದ ಫೋನಿಗೂ ಕೇಳುತ್ತಿದ್ದಾನೆ, ರೋಹಿಣಿ ನಡುಬಾಗಿಲ ಹತ್ತಿರ ಹೋದಳು, ರ್ರೀ, ಚಿಲಕ ತೆಗೀರಿ, ತೆಗೆಯಲಿಲ್ಲ, ಬಾಗಿಲಿಗೆ ಅಂಗೈ ಊರಿ ನಿಂತಳು, ಅಳು ಬರಬೇಕಿತ್ತು, ಮಕ್ಕಳಿಗೆ ಏನಂತ ಹೇಳುವುದು ಯೋಚಿಸಬೇಕಿತ್ತು, ಸೀದ ಅನ್ನ ಇಳಿಸಬೇಕಿತ್ತು, ಯಾವುದೂ ಮುಂದಕ್ಕೆ ಹೋಗುತ್ತಿಲ್ಲ, ಮುದುಕಿ ತಿರುಗುತ್ತಾಳೆ, ಸೆರಗಿನ ತುದಿ ಹಿಡಿಯುತ್ತಾಳೆ, ಒರೆಸುತ್ತಾಳೆ, ಸಿಟ್ಟೋ, ಕ್ಷಮೆಯೋ, ಗಂಗಾನ ಮೇಲಿನ ಜೀವವೋ, ಮುಖ ಕಾಣುತ್ತಿಲ್ಲ, ಬರೀ ಕೈ, ಮೇಲಿಂದ ಕೆಳಗೆ, ಮತ್ತೊಮ್ಮೆ, ಒರೆಸುತ್ತಾಳೆ, ಕೈ ಊರಿದ್ದ ಜಾಗ, ಒರೆಸುತ್ತಾಳೆ —