ಯಮನವ್ವನ ಹೆಸರಿನ ಪಾಯಿಂಟುಗಳು

ಮೂಡಲಗಿಯ ಅಣ್ಣಾಸಾಹೇಬನಿಗೆ ಪರರ ಖರ್ಚಿನ ಮೇಲೆ ಇದ್ದಷ್ಟು ಪ್ರೀತಿ ತನ್ನ ಸ್ವಂತ ಗಳಿಕೆಯ ಮೇಲೂ ಇರಲಿಲ್ಲ.

ಅವನದು ಹನಿ ನೀರಾವರಿಯ ಪೈಪು, ಪಂಪು ಮಾರುವ ಅಂಗಡಿ. ಕಬ್ಬಿನ ಸೀಮೆಯಲ್ಲಿ ಆ ವ್ಯಾಪಾರಕ್ಕೆ ಕೊರತೆಯಿಲ್ಲ. ಆದರೆ ಸುತ್ತಲಿನ ಹತ್ತೂರುಗಳಲ್ಲಿ ಯಾರಾದರೂ ದೊಡ್ಡದೊಂದು ವಸ್ತು ಕೊಳ್ಳುತ್ತಾರೆಂದು ಸುಳಿವು ಸಿಕ್ಕರೆ ಸಾಕು, ಅಂಗಡಿಯನ್ನು ಆಳಿಗೆ ಒಪ್ಪಿಸಿ ಕಾರು ಹತ್ತುತ್ತಿದ್ದ. ಘೋಡಗೇರಿಯವರು ಟ್ರ್ಯಾಕ್ಟರ್ ತರುವಾಗ ಶೋರೂಮಿನಲ್ಲಿ ಅವರಿಗಿಂತ ಮೊದಲೇ ಕೂತಿರುತ್ತಿದ್ದ. ಗೋಕಾಕದ ಬಂಗಾರದ ಅಂಗಡಿಯಲ್ಲಿ ಅವನಿಗಾಗಿ ಒಂದು ಕುರ್ಚಿಯೇ ಇತ್ತು.

"ರೊಕ್ಕ ನನ್ನ ಕೈಯಾಗ ಕೊಡ್ರಿ, ಕಾರ್ಡ್ ನಾ ತಿಕ್ಕತೀನಿ. ನಿಮಗೇನ್ ಲುಕ್ಸಾನ? ನನಗ ನಾಕ ಪಾಯಿಂಟ್ ಬರ್ತಾವ," ಎನ್ನುತ್ತಿದ್ದ.

ಪರಿಚಯದವರೊಬ್ಬರ ಪಿತ್ತಕೋಶದ ಆಪರೇಷನ್ ಆದಾಗ ಆಸ್ಪತ್ರೆಯ ಬಿಲ್ಲಿನ ಕಿಟಕಿಯ ಮುಂದೆ ನಿಂತಿದ್ದವನೂ ಇವನೇ. ಬಿಲ್ಲು ಅಂದಾಜಿಗಿಂತ ಹೆಚ್ಚು ಬಂದಾಗ ರೋಗಿಯ ಮಗನ ಮುಖ ಬಾಡಿತು, ಇವನ ಮುಖ ಅರಳಿತು. ಅದನ್ನು ಕಂಡ ಅವನ ಹೆಂಡತಿ ಶೈಲಾ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದಿದಳು. ಅವಳ ಮನೆಯಲ್ಲಿ ಲಸಿಕೆ ಹಾಕಿಸುವ ವಯಸ್ಸಿನವರು ಯಾರೂ ಇರಲಿಲ್ಲ.

ಶೈಲಾ ಗೋಕಾಕದ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದಳು. ಒಂದು ಮಾತು ಆಡುವ ಮೊದಲು ಅದನ್ನು ಮೂರು ಸಲ ಮನಸ್ಸಿನಲ್ಲೇ ಆಡಿ ನೋಡುವ ಸ್ವಭಾವ. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಹುಕ್ಕೇರಿಯ ತವರಿನಲ್ಲಿ ಅಣ್ಣನ ಮಗಳ ಮದುವೆಯ ಜವಳಿ ತೆಗೆಯುವ ದಿನವಂತೂ ಅವಳು ಎದೆ ಹಿಡಿದುಕೊಂಡೇ ಅಂಗಡಿಯೊಳಗೆ ಹೋಗಿದ್ದಳು. ಹೆದರಿದ್ದಂತೆಯೇ ಆಯಿತು. ಬೀಗರು ಒಂಬತ್ತು ಗಜದ ಇಳಕಲ್ ಸೀರೆ ಸಾಕೆಂದರೆ ಅಣ್ಣಾಸಾಹೇಬ ಅದರ ದುಪ್ಪಟ್ಟು ಬೆಲೆಯ ಧರ್ಮಾವರಂ ತೆಗೆಸಿದ.

"ಅಳಿಯಾರು ಅಕ್ಕಿಕಾಳ ಹಾಕಾಕ ಬಂದಾರ ಅಂತ ಮಾಡಿದ್ದೆ," ಎಂದಳು ಅವಳ ಚಿಗವ್ವ ಗೌರಕ್ಕ, ಇಡೀ ಅಂಗಡಿಗೆ ಕೇಳುವಂತೆ. "ಕಾರ್ಡ್ ತಿಕ್ಕಾಕ ಬಂದಾರ. ಯವ್ವಾ ಶೈಲಾ, ನಾ ಸತ್ತಾಗ ಸುದ್ದಿ ಹೇಳಬ್ಯಾಡವಾ, ಹೂವಿನ ಅಂಗಡಿ ಮುಂದ ಬಂದ ನಿಂತಾರು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣಾಸಾಹೇಬ. ನಗುತ್ತಲೇ ಕಾರ್ಡು ಚಾಚಿದ.

ಇಷ್ಟೆಲ್ಲ ಯಾತಕ್ಕೆಂದರೆ, ದೂರದೇಶದ ವಿಮಾನದಲ್ಲಿ ಪರದೆಯ ಮುಂದಿನ ಭಾಗದಲ್ಲಿ, ಬಿಸಿನೆಸ್ ಕ್ಲಾಸಿನಲ್ಲಿ, ಮಲಗಿಕೊಂಡು ಹೋಗಬೇಕೆಂಬ ಒಂದೇ ಆಸೆಗೆ. ಫೋನಿನಲ್ಲಿ ಅದರ ವಿಡಿಯೋಗಳನ್ನು ಅವನು ಭಜನೆಯಂತೆ ನೋಡುತ್ತಿದ್ದ. ಗುಂಡಿ ಒತ್ತಿದರೆ ಕುರ್ಚಿ ಹಾಸಿಗೆಯಾಗುತ್ತದೆ, ಕಾಲಿಗೆ ಮೆತ್ತನೆಯ ಚಪ್ಪಲಿ ಕೊಡುತ್ತಾರೆ, ಬಿಸಿ ಟವೆಲ್ಲನ್ನು ಚಿಮಟದಲ್ಲಿ ಹಿಡಿದು ತರುತ್ತಾರೆ. ಸಾದಾ ಟಿಕೆಟ್ ಕೊಂಡು, ಕೂಡಿಟ್ಟ ಪಾಯಿಂಟು ಕೊಟ್ಟರೆ ಆ ಭಾಗಕ್ಕೆ ಬಡ್ತಿ. ಪಾಯಿಂಟು ಕೂಡಿಬಂದಿದ್ದವು, ಹೋಗಲು ದೇಶ ಮಾತ್ರ ಸಿಕ್ಕಿರಲಿಲ್ಲ.

ಆ ದೇಶ ಸಿಕ್ಕಿದ್ದು ಶೈಲಾಳಿಗೆ. ಮೆಲ್ಬರ್ನಿನಲ್ಲಿರುವ ಬಸವಾನುಯಾಯಿಗಳ ಒಂದು ಬಳಗ ಎರಡು ದಿನದ ಸಮಾವೇಶ ಮಾಡುವುದಿತ್ತು. ಯಾವುದೋ ಸಣ್ಣ ಪತ್ರಿಕೆಯಲ್ಲಿ ಬಂದಿದ್ದ ಅವಳ ಲೇಖನವನ್ನು ಯಾರೋ ಓದಿದ್ದರು. ಪಂಕ್ತಿಭೇದದ ಬಗ್ಗೆ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕೆಂದ ಶರಣರ ಬಗ್ಗೆ, ನಲವತ್ತು ನಿಮಿಷ ಮಾತನಾಡಬೇಕು. ಅವಳ ಟಿಕೆಟ್ಟಿನ ವೆಚ್ಚ ಬಳಗದ್ದು. ಶೈಲಾ ಆ ಪತ್ರವನ್ನು ಮನೆಯಲ್ಲಿ ನಾಲ್ಕು ಸಲ ಓದಿದಳು. ತನ್ನ ಹೆಸರಿನವರು ಬೇರೆ ಯಾರಾದರೂ ಇದ್ದಾರೆಯೇ ಎಂಬ ಸಂಶಯ ಬಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಐದನೆಯ ಸಲ ಓದಿದಳು. ತನ್ನ ಮಾತು ಕೇಳಬೇಕೆಂದು ಇಷ್ಟು ವರ್ಷಗಳಲ್ಲಿ ಯಾರೂ ಕರೆದಿರಲಿಲ್ಲ. ಹಾಜರಿಗಾಗಿ ಕೂತ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಆ ಸಂಜೆಯ ಹೊತ್ತಿಗೆ ಅದು "ನಾವು ಆಸ್ಟ್ರೇಲಿಯಾಕ್ಕ ಹೊಂಟೇವಿ" ಎಂದಾಯಿತು. ವಾರದೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಕಪ್ಪು ಕನ್ನಡಕದ ಅಣ್ಣಾಸಾಹೇಬ, ಅವನ ಕಿವಿಯಿಂದ ಹೊರಟಂತೆ ಕಾಣುವ ವಿಮಾನ, "ಬಿಸಿನೆಸ್ ಕ್ಲಾಸ್‌ನಲ್ಲಿ ವಿದೇಶ ಪ್ರವಾಸ ಕೈಗೊಂಡ ನಮ್ಮ ನೆಚ್ಚಿನ ಉದ್ಯಮಿಗೆ ಶುಭಾಶಯಗಳು". ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಶೈಲಾ, ಕೆಳಗೆ "ಧರ್ಮಪತ್ನಿ ಸಮೇತ". ಶುಭ ಕೋರುವವರ ಜಾಗದಲ್ಲಿ ಅವನದೇ ಅಂಗಡಿಯ ಹೆಸರಿತ್ತು.

ಇಬ್ಬರಿಗೂ ಸಾದಾ ಟಿಕೆಟ್ ಒಟ್ಟಿಗೇ ಆಯಿತು. ಪಾಯಿಂಟು ಕೊಟ್ಟು ಬಡ್ತಿ ಪಡೆಯಲು ವಿಮಾನದ ಕಂಪನಿಗೆ ಫೋನು ಹಚ್ಚಿದಾಗ ಅಣ್ಣಾಸಾಹೇಬನ ಬಣ್ಣ ಇಳಿಯಿತು.

ಆ ಮನೆಯಲ್ಲಿ ಹೊಸದಾಗಿ ಏನೇ ಬಂದರೂ ಅವನ ತಾಯಿ ಯಮನವ್ವನ ಹೆಸರಿನಲ್ಲೇ ಬರುವುದು ಪದ್ಧತಿ. ಅವಳ ಹೆಸರಿಗಿದ್ದರೆ ಬರಕತ್ತು, ಕೈಗೆ ಹತ್ತುತ್ತದೆ ಎಂಬ ನಂಬಿಕೆ. ಅಂಗಡಿ ಅವಳ ಹೆಸರಿನದು, ಟೆಂಪೋ ಅವಳದು, ಬೋರ್‌ವೆಲ್ಲಿನ ಮೀಟರು ಅವಳದು. ಅಂಗಡಿಯ ಮಾಲಕಿ ಅವಳಾದ್ದರಿಂದ ಕಾರ್ಡೂ ಅವಳದೇ, ಕಾರ್ಡಿಗೆ ಅಂಟಿಕೊಂಡ ವಿಮಾನದ ಸದಸ್ಯತ್ವವೂ ಅವಳದೇ. ಮೂರು ವರ್ಷ ಹತ್ತೂರ ಮದುವೆ, ಬೇನೆಗಳಿಂದ ಕೂಡಿಸಿದ ಪಾಯಿಂಟುಗಳೆಲ್ಲ, ನೆಲ ಬಿಟ್ಟು ಮಾಳಿಗೆಯನ್ನೂ ಹತ್ತದ ಎಪ್ಪತ್ತೆರಡು ವರ್ಷದ ಯಮನವ್ವನವು. ನಿಯಮವಾದರೂ ಸರಳ: ಸದಸ್ಯರು ತಾವೇ ಪ್ರಯಾಣ ಮಾಡಬೇಕು, ಜೊತೆಗೆ ಒಬ್ಬರನ್ನು, ಒಬ್ಬರನ್ನು ಮಾತ್ರ, ಮುಂದಿನ ಭಾಗಕ್ಕೆ ಕರೆದುಕೊಳ್ಳಬಹುದು.

ಎರಡು ದಿನ ಅವನು ಫೋನಿನಲ್ಲಿ ಕಂಪನಿಯ ನಿಯಮಗಳನ್ನೇ ತಿರುವಿಹಾಕಿದ. ಮೂರನೆಯ ದಿನ ರೊಟ್ಟಿ ಮುರಿಯುತ್ತ ದಾರಿ ಹೇಳಿದ.

"ಅವ್ವನ ಪಾಸ್‌ಪೋರ್ಟೂ ನಮ್ಮ ಜೋಡಿ ಮಾಡಸಿದ್ದು ಐತಿ. ವೀಸಾ ಏಜೆಂಟ್ ಮಾಡಸ್ತಾನ. ಒಂದ ಟಿಕೀಟ್ ಕ್ಯಾನ್ಸಲ್ ಮಾಡಿ ಆಕಿ ಹೆಸರಿಲೆ ಮಾಡ್ಸೂದು. ನಾನು, ಅವ್ವ ಮುಂದ ಮಲಕೊಂಡ ಹೋಗ್ತೀವಿ."

"ಯಾರ ಟಿಕೀಟ್ ಕ್ಯಾನ್ಸಲ್ ಮಾಡ್ತೀರಿ?" ಎಂದಳು ಶೈಲಾ. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನು ಕೇಳುವುದು ಮೇಷ್ಟರಿಕೆಯ ಚಟ.

"ನಿಂದ. ಮತ್ತ್ಯಾರದು?"

"ಅವರು ಕರದಿದ್ದು ನನ್ನನ್ರಿ."

"ಕರದಿದ್ದು ನಿನ್ನ ಪೇಪರನ್ನ. ಪೇಪರ್ ಬರ್ತೈತಲ್ಲ! ನಾ ಓದ್ತೀನಿ. ಓದೂದಕ್ಕ ಏನೈತಿ, ಕನ್ನಡನ ಅಲ್ಲ? ನಿನಗರ ಸ್ಟೇಜ್ ಮ್ಯಾಲ ಕೈ ನಡಗ್ತಾವ."

"ಮೂರನೇ ಟಿಕೀಟ್ ತಗೊಂಡ್ರ..."

"ರೊಕ್ಕ ಕೊಟ್ಟ ತಗೊಂಡ್ರ ಪಾಯಿಂಟಿನ ಫಾಯದೆ ಏನ್ ಉಳೀತ ಹುಚ್ಚಿ?"

ಯಮನವ್ವ ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದಳು. "ಕಾಲ ಚಾಚಾಕ ಇಷ್ಟ ಉಸಾಬರಿ ಏನೋ ತಮ್ಮಾ? ಮನ್ಯಾಗ ಚಾಪಿ ಐತಿ," ಎಂದಳು.

"ನೀ ಸುಮ್ನಿರವ್ವಾ. ನಿನ್ನ ನಸೀಬ ತೆರದೈತಿ."

ಶೈಲಾಳ ಮನಸ್ಸಿನಲ್ಲಿ ಮೂರು ಉತ್ತರ ತಯಾರಿದ್ದವು. ಮೊದಲನೆಯದು ಜಗಳವಾಗುತ್ತಿತ್ತು, ಎರಡನೆಯದು ಅಳುವಾಗುತ್ತಿತ್ತು, ಮೂರನೆಯದನ್ನು ತಿದ್ದುತ್ತಿರುವಾಗ ಅವನು ಕೈ ತೊಳೆಯಲು ಎದ್ದು ಹೋದ.

ಮುಂದಿನ ದಿನಗಳಲ್ಲಿ ಅವಳು ಮಾಡಿದ್ದು ಇನ್ನೂ ಕೇಡಿನ ಕೆಲಸ. ಅವನು ಕೇಳಿದನೆಂದು ತನ್ನ ಪ್ರಬಂಧವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ತಂದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ಕೆಂಪು ಗೆರೆ, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಹಸಿರು ಗೆರೆ ಎಳೆದುಕೊಟ್ಟಳು. ಅವನು ಅಂಗಡಿಯ ಗಲ್ಲೆಯ ಮೇಲೆ ಕೂತು, ಪಂಪು ಕೊಳ್ಳಲು ಬಂದವರ ಮುಂದೆ ಓದಿ ತಾಲೀಮು ಮಾಡಿದ. "ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದವೇ ಮನುಷ್ಯನ ಮೊದಲ ಪಾಪ" ಎಂಬ ವಾಕ್ಯ ಅವನಿಗೆ ಬಹಳ ಹಿಡಿಸಿತು. ಅದನ್ನು ಎರಡೆರಡು ಸಲ ಓದಿ, ಮುಂದಿನ ಸಾಲಿನ ಸೀಟಿನ ಚಿತ್ರವನ್ನು ಅದೇ ಗಿರಾಕಿಗಳಿಗೆ ಫೋನಿನಲ್ಲಿ ತೋರಿಸಿದ. ಒಬ್ಬರೂ ನಗಲಿಲ್ಲ. ಎಲ್ಲರಿಗೂ ಪೈಪಿನ ಬೆಲೆಯಲ್ಲಿ ಏನಾದರೂ ಬಿಟ್ಟುಕೊಟ್ಟಾನೆಂಬ ಆಸೆಯಿತ್ತು.

ಮೆಲ್ಬರ್ನಿಗೆ ಬರೆದು ತಿಳಿಸುವ ಕೆಲಸವನ್ನೂ ಅವಳಿಗೇ ವಹಿಸಿದ. "ಅನಿವಾರ್ಯ ಕಾರಣಗಳಿಂದ" ಎಂದು ಬರೆದಳು, ಅಳಿಸಿದಳು. ಯಾವ ಅನಿವಾರ್ಯ? ಯಾರಿಗೆ? ಆ ಶಬ್ದವನ್ನು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಕಂಡರೆ ಅವಳು ಸುತ್ತು ಹಾಕಿ ಪ್ರಶ್ನಾರ್ಥಕ ಚಿಹ್ನೆ ಇಡುತ್ತಿದ್ದಳು. ಪತ್ರ ಕಳಿಸದೆ ಉಳಿಯಿತು. ಉಳಿಸಿಕೊಂಡಿದ್ದೇನೆಂದು ಗಂಡನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಂಪನಿಯಿಂದ ಯಮನವ್ವನ ಫೋನಿಗೆ ಕರೆ ಬರುವುದೆಂದು ಗೊತ್ತಾಗಿತ್ತು. ಸದಸ್ಯರೇ ಬಾಯಿಬಿಟ್ಟು ಒಪ್ಪಿಗೆ ಕೊಡಬೇಕಂತೆ. ಅಣ್ಣಾಸಾಹೇಬ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸ್ಪೀಕರ್ ಹಾಕಿ ಕೂತ.

"ನಮಸ್ಕಾರ, ನಾನು ರಾಧಿಕಾ ಮಾತನಾಡುತ್ತಿದ್ದೇನೆ," ಎಂದಿತು ಸಕ್ಕರೆಯಂಥ ಬೆಂಗಳೂರು ಕನ್ನಡ. "ಯಮನವ್ವ ಅವರೇ, ನಿಮ್ಮ ಜನ್ಮ ದಿನಾಂಕ ಹೇಳುತ್ತೀರಾ?"

ಅದನ್ನು ಮಗ ಕಾಗದದಲ್ಲಿ ಬರೆದು ಬಾಯಿಪಾಠ ಮಾಡಿಸಿದ್ದ. ಹೇಳಿದಳು.

"ಧನ್ಯವಾದಗಳು. ಈ ಬುಕಿಂಗ್‌ನಲ್ಲಿ ಇಬ್ಬರಿದ್ದಾರೆ. ಒಬ್ಬರ ಟಿಕೆಟ್ ರದ್ದು ಮಾಡಿ ನಿಮ್ಮ ಹೆಸರು ಸೇರಿಸುತ್ತೇವೆ. ಉಳಿಯುವವರು ನಿಮ್ಮೊಂದಿಗೆ ಬಿಸಿನೆಸ್ ಕ್ಲಾಸ್‌ಗೆ ಬರುತ್ತಾರೆ. ಯಾರು ಬರುತ್ತಾರೆ, ಹೆಸರು ಹೇಳಿ."

"ನನ್ನ ಮಗಾ ರೀ."

"ಹೆಸರು ಹೇಳಬೇಕು ಅಮ್ಮ."

ಯಮನವ್ವ ಸೆರಗು ಸರಿ ಮಾಡಿಕೊಂಡಳು. ಮಗನನ್ನು ನೋಡಿದಳು. ಬಾಯಿ ತೆರೆಯಲಿಲ್ಲ.

ಶೈಲಾಳಿಗೆ ಆಗ ಹೊಳೆಯಿತು. ಅವಳ ಗಂಡನಿಗೆ ಇನ್ನೂ ಹೊಳೆದಿರಲಿಲ್ಲ. ಅಣ್ಣಾಸಾಹೇಬ ಎಂಬುದು ಯಮನವ್ವನ ಮಾವನ ಹೆಸರು. ಆ ಮುದುಕ ತೀರಿಕೊಂಡ ವರ್ಷವೇ ಹುಟ್ಟಿದ ಮೊಮ್ಮಗನಿಗೆ ಅದನ್ನು ಇಟ್ಟಿದ್ದರು. ಗಂಡನ ಹೆಸರು, ಮಾವನ ಹೆಸರು ಸೊಸೆಯಾದವಳ ನಾಲಿಗೆಗೆ ಬರುವಂತಿಲ್ಲ. ಹೀಗಾಗಿ ತೊಟ್ಟಿಲಿನಿಂದ ಇಂದಿನ ತನಕ, ಐವತ್ತು ವರ್ಷ, ಅವಳು ಮಗನನ್ನು "ತಮ್ಮಾ" ಎಂದೇ ಕರೆದಿದ್ದಳು.

"ಹೇಳವ್ವಾ," ಅಣ್ಣಾಸಾಹೇಬ ಪಿಸುಗುಟ್ಟಿದ.

"ಏನ್ ಹೇಳ್ಲೋ? ಹಿರ್ಯಾರ ಹೆಸರ ಅದು."

"ನಾನ ಹೇಳ್ತೀನ್ರಿ ಮೇಡಮ್ಮಾರ, ಅಣ್ಣಾ..."

"ಸಾರಿ ಸರ್, ಹಿಂದಿನಿಂದ ಬೇರೆಯವರು ಹೇಳಿದರೆ ಕರೆ ರದ್ದಾಗುತ್ತದೆ. ನಾನೂ ಹೆಸರು ಹೇಳಿಕೊಡುವಂತಿಲ್ಲ. ಸದಸ್ಯರೇ ಹೇಳಬೇಕು."

ಅವನು ಫೋನಿಗೆ ಅಂಗೈ ಅಡ್ಡ ಹಿಡಿದು ತಾಯಿಯ ಕಿವಿಗೆ ಬಗ್ಗಿದ. "ಮದವ್ಯಾಗ ಒಡಪ ಹಾಕಿ ಹೆಸರ ಹೇಳ್ತೀರಲ್ಲ, ಹಂಗ ಒಂದ ಒಡಪ ಹಾಕಿ ಹೇಳಿಬಿಡ."

"ಮಂಗ್ಯಾ! ಒಡಪ ಗಂಡನ ಹೆಸರಿಗೆ. ಮಾವನ ಹೆಸರಿಗೆ ಯಾರರ ಒಡಪ ಹಾಕ್ತಾರೇನ? ಸಾಯೂ ಹೊತ್ತಿನ್ಯಾಗ ನನಗ್ಯಾಕ ಬಾಯಿಗೆ ಹುಳಾ ಬೀಳಸ್ತಿ?"

"ಅವ್ವಾ, ಮೂರ ವರ್ಷದ ಪಾಯಿಂಟ್ ಅದಾವು!"

"ಅವರು ಐವತ್ತೆಕರೆ ಮಾಡಿ ಸತ್ತಾರ. ಅವರ ಹೆಸರ ಕುರ್ಚಿಗೆ ಮಾರೂದೇನ?"

"ಅಮ್ಮ, ಇನ್ನೊಂದು ನಿಮಿಷದಲ್ಲಿ ಕರೆ ಮುಗಿಯುತ್ತದೆ," ಎಂದಳು ರಾಧಿಕಾ. "ನಿಮ್ಮ ಜೊತೆ ಬರುವವರು ಯಾರು?"

ಯಮನವ್ವ ಅತ್ತಿತ್ತ ನೋಡಿದಳು. ಹೇಳಬಹುದಾದ ಹೆಸರೊಂದು ಬಾಗಿಲ ಚೌಕಟ್ಟು ಹಿಡಿದು ನಿಂತಿತ್ತು.

"ಶೈಲಾ, ಅಂತ ಬರಕೋರಿ," ಎಂದಳು. "ನನ್ನ ಸೊಸಿ. ಅಷ್ಟ ದೂರ ಹೊಂಟ ಮ್ಯಾಲ ನನ್ನ ಕಾಲ ಒತ್ತಾಕ ಒಬ್ಬರ ಬೇಕಲ್ಲ."

ಅವಳು ಬೇಕೆಂದೇ ಹೇಳಿದಳೋ, ಬೇರೆ ದಾರಿಯಿಲ್ಲದೆ ಹೇಳಿದಳೋ, ಆ ಮುಖವನ್ನು ಇಷ್ಟು ವರ್ಷ ನೋಡಿಕೊಂಡು ಬಂದ ಶೈಲಾಳಿಗೂ ತಿಳಿಯಲಿಲ್ಲ. ಹನ್ನೆರಡು ತಾಸು ಆಕಾಶದಲ್ಲಿ ಕಾಲು ಒತ್ತುವುದು ತಪ್ಪದು ಎಂಬುದಷ್ಟೇ ತಿಳಿಯಿತು.

"ಧನ್ಯವಾದಗಳು. ಶೈಲಾ ಅವರು ಅಲ್ಲಿದ್ದಾರೆಯೇ? ಅವರ ಒಪ್ಪಿಗೆಯೂ ಬೇಕು. ಇನ್ನೊಬ್ಬರ ಟಿಕೆಟ್ ಈಗಲೇ ರದ್ದಾಗುತ್ತದೆ. ಬಳಸಿದ ಪಾಯಿಂಟುಗಳು ವಾಪಸ್ ಬರುವುದಿಲ್ಲ."

ಅಣ್ಣಾಸಾಹೇಬ ಕೈಯಿಂದ ಬ್ಯಾಡ ಎಂದ. ಹುಬ್ಬಿನಿಂದ ಬ್ಯಾಡ ಎಂದ. ಕರೆ ರದ್ದಾದೀತೆಂಬ ಹೆದರಿಕೆಗೆ ಬಾಯಿಯಿಂದ ಮಾತ್ರ ಏನೂ ಅನ್ನಲಿಲ್ಲ. ಶೈಲಾಳಿಗೆ ತನ್ನ ಪ್ರಬಂಧದ ನಾಲ್ಕನೆಯ ಪುಟ ನೆನಪಾಯಿತು. ಮುಂದಿನ ಸಾಲು, ಹಿಂದಿನ ಸಾಲು. ಆ ಪುಟವನ್ನು ಪರದೆಯ ಮುಂದೆ ಮಲಗಿಕೊಂಡು ಒಯ್ಯುವವಳು ತಾನು. ಈ ನಾಚಿಕೆ ಖರೆಯಾದದ್ದೇ. ಆದರೆ ಅದನ್ನು ಪಡಲು ತಾನೇ ಅಲ್ಲಿಗೆ ಹೋಗಬೇಕಲ್ಲ? ಗಂಡನಿಂದ ಓದಿಸಿದರೆ ಆ ನಾಚಿಕೆಯೂ ದಕ್ಕುವುದಿಲ್ಲ.

"ಒಪ್ಪಿಗಿ ಐತ್ರಿ," ಎಂದಳು. ಒಂದೇ ಸಲಕ್ಕೆ, ಮನಸ್ಸಿನಲ್ಲಿ ಆಡಿ ನೋಡದೆ.

"ಶುಭ ಪ್ರಯಾಣ," ಎಂದು ರಾಧಿಕಾ ಹೋದಳು.

ಅಣ್ಣಾಸಾಹೇಬ ವಿಭೂತಿಯ ಹಣೆ ಹಿಡಿದುಕೊಂಡು ಕೂತ. "ತಿರಗಿ ಹಚ್ಚು. ತಪ್ಪಾತು ಅಂತ ಹೇಳು. ಊರಾಗ ಏನಂತ ಹೇಳ್ಲಿ ನಾನು?"

"ತಿರಗಿ ಹಚ್ಚಿದ್ರೂ ಹೆಸರ ಅತ್ತ್ಯಾರ ಹೇಳ್ಬೇಕ್ರಿ," ಎಂದಳು ಶೈಲಾ.

"ನಾ ಹೇಳಂಗಿಲ್ಲಪಾ," ಎಂದಳು ಯಮನವ್ವ. "ನೀ ಬರೂದಿದ್ರ ಹಿಂದಿನ ಸೀಟಿನ ಟಿಕೀಟ್ ತಗೊಂಡ ಬಾ. ರೊಕ್ಕ ಕೊಟ್ಟ."

ಫೋನು ಮತ್ತೆ ಸದ್ದು ಮಾಡಿತು. ಅವನು ಆಸೆಯಿಂದ ತಲೆ ಎತ್ತಿದ. ಈ ಸಲ ಮನುಷ್ಯರಲ್ಲ, ಯಂತ್ರ. ನಮ್ಮ ಸೇವೆಯಿಂದ ನಿಮಗೆ ಸ್ವಲ್ಪವೂ ತೃಪ್ತಿಯಾಗಿಲ್ಲದಿದ್ದರೆ ಒಂದನ್ನು ಒತ್ತಿ, ಪೂರ್ಣ ತೃಪ್ತಿಯಾಗಿದ್ದರೆ ಐದನ್ನು ಒತ್ತಿ ಎಂದಿತು.

ಅಣ್ಣಾಸಾಹೇಬ ಕೈ ಚಾಚುವಷ್ಟರಲ್ಲಿ ಶೈಲಾ ಫೋನೆತ್ತಿಕೊಂಡು ಐದನ್ನು ಒತ್ತಿದಳು.