ಮಧ್ಯಾಹ್ನ ಮೂರಕ್ಕೆ ಆರಾಮ

ಕಾಲುವೆ ನೀರಿನ ಮಟ್ಟವನ್ನು ದಿನಕ್ಕೆ ಮೂರು ಸಲ ನೋಡಬೇಕು ಎಂದು ನಂಬಿದವರು ಇಲಾಖೆಯ ಸಾಹೇಬರು ಮಾತ್ರ. ನೋಡಬೇಕಾದ ಅಮಾತೆಪ್ಪನಿಗೆ ಅಂಥ ಮೂಢನಂಬಿಕೆ ಇರಲಿಲ್ಲ. ಕೊಂಕಲ್ ರಸ್ತೆಯ ಚಾದ ಅಂಗಡಿಯಲ್ಲಿ ಕೂತು, ಬೆಳಿಗ್ಗೆ ಒಂಬತ್ತಕ್ಕೇ ಮೂರೂ ಹೊತ್ತಿನ ಮಟ್ಟ ಬರೆದು ಪೆನ್ನಿನ ಮುಚ್ಚಳ ಹಾಕುತ್ತಿದ್ದ. ಹನ್ನೊಂದು ವರ್ಷದ ಈ ದಿನಗೂಲಿ ಚಾಕರಿಯಲ್ಲಿ ಒಬ್ಬರೂ ಪ್ರಶ್ನೆ ಮಾಡಿರಲಿಲ್ಲ. ಮಾಡುವವರು ಅಳತೆ ಕಲ್ಲು ಎಲ್ಲಿದೆ ಎಂದು ಮೊದಲು ಅವನನ್ನೇ ಕೇಳಬೇಕಾಗುತ್ತಿತ್ತು.

ಹುಟ್ಟುವಾಗಲೇ ಅವನ ಗುಂಡಿಗೆಯಲ್ಲಿ ತೂತು, ತುಟಿಯೆಲ್ಲ ನೇರಳೆ. ಆರನೇ ವರ್ಷಕ್ಕೆ ಹೈದರಾಬಾದಿನಲ್ಲಿ ಎದೆ ಸೀಳಿ ಹೊಲಿದರು. ಹುಡುಗ ಗುಣವಾಗಿದ್ದಾನೆ, ಆದರೆ ವರ್ಷಕ್ಕೊಮ್ಮೆ ಕರೆತಂದು ತೋರಿಸಿ ಎಂದರು. ಅವ್ವ ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡು ತಿಂಥಣಿ ಮೌನೇಶ್ವರನಿಗೆ ಕಾಯಿ ಒಡೆಸಿ ಬಂದಳು. ಎರಡನೆಯ ಮಾತು ಇಪ್ಪತ್ತೇಳು ವರ್ಷ ಯಾರಿಗೂ ನೆನಪಾಗಲಿಲ್ಲ. ಗುಣವಾದವನನ್ನು ಮತ್ತೆ ದವಾಖಾನೆಗೆ ಒಯ್ಯುವುದು ಅಪಶಕುನವೆಂದು ಓಣಿಯ ಪಂಡಿತರೆಲ್ಲ ಒಪ್ಪಿದ್ದರು.

ಈ ವರ್ಷ ಅವನ ನೌಕರಿ ಕಾಯಂ ಆಗುವ ಹುಕುಂ ಬಂತು. ಬೇಕಾದದ್ದು ಒಂದೇ, ದೇಹ ಗಟ್ಟಿಯಿದೆ ಎನ್ನುವ ಡಾಕ್ಟರ ರುಜು. ಅದೇ ತಿಂಗಳು ಎರಡು ಸಲ ಅವನ ಎದೆ ಹುಚ್ಚು ಹಿಡಿದಂತೆ ಬಡಿದುಕೊಂಡು, ಕಣ್ಣು ಕತ್ತಲಿಟ್ಟು, ನೆಲಕ್ಕೆ ಕೂಡಿಸಿತ್ತು. ಇದು ಗೊತ್ತಿದ್ದವಳು ಅಕ್ಕ ಮಲ್ಲಾಬಾಯಿ ಒಬ್ಬಳೇ.

ಯಾದಗಿರಿಯ ಹೃದಯದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಮೈಸೂರಿನ ಕಡೆಯವಳು. ಅವನ ಎದೆಯ ಮೇಲಿನ ಹಳೇ ಗೀರು ನೋಡಿದವಳೇ ರುಜು ಹಾಕಬೇಕಿದ್ದ ಫಾರಂ ಬದಿಗಿಟ್ಟಳು. ತಂತಿಗಳನ್ನು ಅಂಟಿಸಿ ಸೊಂಟಕ್ಕೊಂದು ಡಬ್ಬಿ ಕಟ್ಟಿದಳು. "ನಾಳೆ ಸಂಜೆಯವರೆಗೆ ಇದು ನಿಮ್ಮ ಎದೆ ಬಡಿತ ಬರ್ಕೊಳ್ಳುತ್ತೆ. ನೀವೂ ಈ ಪುಸ್ತಕದಲ್ಲಿ ಬರೀಬೇಕು. ಎಷ್ಟೊತ್ತಿಗೆ ಏನು ಮಾಡ್ತಿದ್ರಿ, ಹೇಗನ್ನಿಸ್ತು ಅಂತ. ಆಯಾ ಹೊತ್ತಿಗೇ ಬರೀರಿ."

ಬರೆಯುವುದನ್ನು ಇವಳಿಂದ ಕಲಿಯಬೇಕೇ? ಮರುದಿನ ಒಂಬತ್ತಕ್ಕೆ ಚಾದ ಅಂಗಡಿಯಲ್ಲಿ ಅಮಾತೆಪ್ಪ ಸಂಜೆಯವರೆಗಿನ ತನ್ನ ಬದುಕನ್ನು ಚೊಕ್ಕವಾಗಿ ಬರೆದಿಟ್ಟ. ಹನ್ನೆರಡಕ್ಕೆ ಊಟ, ಆರಾಮ. ಮೂರಕ್ಕೆ ಡ್ಯೂಟಿ, ಆರಾಮ. ಐದಕ್ಕೆ ಚಾ, ಆರಾಮ.

ಕಾಲುವೆ ಗೇಟು ಕಾಯುವ ಸಾಬಣ್ಣ ಇಣುಕಿ ನೋಡಿದ. "ಅಬಬಬ, ಎಂಥಾ ಅಕ್ಷರಪ್ಪ! ಇಷ್ಟು ಆರಾಮ ಇದ್ದಾಂವಗ ಡಬ್ಬಿ ಯಾಕ ಕಟ್ಯಾರ?"

"ಡಾಕ್ಟರಿಗಿ ಬ್ಯಾರೆ ಕೆಲ್ಸ ಇಲ್ಲ, ಕಟ್ಯಾರ."

ಮಧ್ಯಾಹ್ನ ಕಾಲುವೆ ದಂಡೆಯ ಮೇಲೆ ಎದೆ ಎದ್ದು ಕುಣಿಯಿತು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಉಸಿರಿಗೆ ಜಾಗವೇ ಇರಲಿಲ್ಲ. ಕಣ್ಣು ಕತ್ತಲಿಟ್ಟು ಬಿದ್ದ. ಪಕ್ಕದ ಗದ್ದೆಯಲ್ಲಿ ಸಸಿ ನಾಟುತ್ತಿದ್ದ ಮಲ್ಲಾಬಾಯಿ ಕೆಸರುಗೈಯಲ್ಲೇ ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. ಆಗ ಮೂರು ಗಂಟೆ ಹತ್ತು ನಿಮಿಷ.

"ತಮ್ಮಾ, ಬುಕ್ಕಿನ್ಯಾಗ ಬರಿ."

"ಮೂರು ಗಂಟೇದು ಬರದಾಗ್ಯದ."

"ಈಗ ಆಗಿದ್ದು ಆಗಳೇ ಹ್ಯಾಂಗ ಬರದಿ? ನೀ ಏನ್ ಕಾಲಜ್ಞಾನಿ ಏನು? ಕಾಟು ಹೊಡಿ ಅದನ್ನ!"

"ಬುಕ್ಕಿನ್ಯಾಗ ಕಾಟು ಹೊಡಿಬಾರ್ದು ಅಕ್ಕಾ. ಮೆಮೋ ಕೊಡ್ತಾರ."

ಮಲ್ಲಾಬಾಯಿ ಅವನ ಮುಖವನ್ನೇ ನೋಡಿದಳು. ನೇರಳೆ ತುಟಿಯ ಕೂಸನ್ನು ಆರು ವರ್ಷ ಟೊಂಕದ ಮೇಲೆ ಹೊತ್ತು ತಿರುಗಿದ್ದು ಇಂಥ ಮಬ್ಬನಿಗಾಗಿಯೇ? ಅವಳು ಕೈ ತೊಳೆದುಕೊಂಡು, ಅವನನ್ನು ಎಬ್ಬಿಸಿಕೊಂಡು, ಯಾದಗಿರಿಯ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಡಾಕ್ಟರು ಡಬ್ಬಿಯನ್ನು ಕಂಪ್ಯೂಟರಿಗೆ ಹಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ನೋಡಿದಳು. "ಮೂರು ಗಂಟೆಗೆ ನಿಮಿಷಕ್ಕೆ ಇನ್ನೂರ ಹತ್ತು ಬಡಿತ. ನೀವು ಆರಾಮ ಅಂತ ಬರ್ದಿದ್ದೀರಿ."

"ಮಷೀನು ಕೆಟ್ಟಿರ್ಬೇಕ್ರಿ ಮೇಡಮ್ಮರ. ಬುಕ್ಕಿನ್ಯಾಗ ಇದ್ದದ್ದೇ ಖರೆ."

"ಹಳೇ ಹೊಲಿಗೆ ಗಾಯದ ಸುತ್ತ ಎದೆಯ ಕರೆಂಟು ದಾರಿ ತಪ್ಪಿ ಸುತ್ತುತ್ತಿದೆ. ಚಿಕ್ಕಂದಿನಲ್ಲಿ ಆಪರೇಷನ್ ಆದವರಿಗೆ ದೊಡ್ಡವರಾದ ಮೇಲೆ ಹೀಗಾಗೋದುಂಟು. ಆ ದಾರಿ ಸುಟ್ಟು ಮುಚ್ಚಬಹುದು. ಆದರೆ ನನಗೊಂದು ಮಾತು ಖಚಿತವಾಗಬೇಕು. ಕಣ್ಣು ಕತ್ತಲೆ ಬಂತಾ? ಬಿದ್ರಾ? ಬಿದ್ದಿದ್ರೆ ನಿಮ್ಮನ್ನ ಮನೆಗೆ ಬಿಡಲ್ಲ, ಇವತ್ತೇ ಹೈದರಾಬಾದಿಗೆ ಕಳಿಸ್ತೀನಿ. ಮುಂದಿನ ಸಲ ಅದು ತಾನಾಗಿ ನಿಲ್ಲದೇ ಇರಬಹುದು."

ಮೇಜಿನ ಮೇಲೆ ರುಜು ಬೀಳದ ಫಾರಂ ಇತ್ತು. ಬಿದ್ದೆ ಎಂದರೆ ಕಾಯಂ ಹೋಯಿತು. ಅಮಾತೆಪ್ಪ ಪುಸ್ತಕವನ್ನೇ ಮತ್ತೆ ಡಾಕ್ಟರ ಕಡೆಗೆ ಸರಿಸಿದ.

"ಮುಂಜಾನಿ ಒಂಬತ್ತಕ್ಕೇ ಎಲ್ಲಾ ಬರದಾನ್ರಿ ಬಾಯಾರ," ಎಂದಳು ಮಲ್ಲಾಬಾಯಿ. "ಕಾಲುವಿ ನೀರಿಂದೂ ಹಿಂಗೇ ಬರೀತಾನ. ಇಂವ ಸತ್ತರೂ ಬುಕ್ಕಿನ್ಯಾಗ ಆರಾಮೇ ಇರ್ತಾನ."

ಡಾಕ್ಟರು ನಗಲಿಲ್ಲ. ಪುಸ್ತಕ ತಿರುಗಿಸಿ, ಪೆನ್ನು ಅವನ ಮುಂದಿಟ್ಟಳು.

ಅವನು ಪೆನ್ನು ತೆಗೆದುಕೊಂಡ. ಆದದ್ದನ್ನು ಆದಂತೆ ಬರೆಯುವುದು ಎಷ್ಟು ಕಷ್ಟದ ಕೆಲಸವೆಂದು ಹನ್ನೊಂದು ವರ್ಷದಲ್ಲಿ ಅವನಿಗೆ ತಿಳಿದಿರಲೇ ಇಲ್ಲ. ಮೂರರ ಸಾಲಿನ ಮೇಲೆ ಗೆರೆ ಎಳೆದ. ಕೆಳಗೆ ಬರೆದ: ದಂಡೆ ಮೇಲೆ ಬಿದ್ದೆ. ಅಕ್ಕ ಹಿಡಿದಳು. ಸತ್ತೆ ಅಂದುಕೊಂಡೆ. ಇದು ಮೂರನೇ ಸಲ.

ಡಾಕ್ಟರು ಓದಿ, ಫಾರಮ್ಮನ್ನು ಡ್ರಾಯರಿನೊಳಗೆ ಹಾಕಿ, ಫೋನು ಎತ್ತಿಕೊಂಡಳು. ಅಮಾತೆಪ್ಪ ಡ್ರಾಯರನ್ನೇ ನೋಡುತ್ತ ಕೂತಿದ್ದ.

"ಅತ್ತ ಏನ್ ನೋಡ್ತಿ?" ಎಂದಳು ಮಲ್ಲಾಬಾಯಿ. "ಅಂಗಿ ಗುಂಡಿ ಹಾಕ್ಕೋ. ಗಾಡಿ ಬರ್ತದ."